ಡ್ರೈ ಅಂದ್ರೆ ಬರೀ ಒಣ ಅಲ್ಲ ಮಾರಾಯ್ರೆ: ಈ ಪದವನ್ನು ಹಿಡಿಯುದು ಹೇಗೆ

ಅಕ್ಕನ ಮಗಳು ಇಲ್ಲೇ ಮಂಗಳೂರಲ್ಲಿ ಒಂದು ಆಫೀಸಿಗೆ ಹೊಸದಾಗಿ ಸೇರಿದ್ದು, ಮೊನ್ನೆ ಮೊದಲ ಪ್ರೆಸೆಂಟೇಶನ್ ಕೊಟ್ಟು ಭಾರೀ ಖುಷಿಯಲ್ಲಿ ಮನೆಗೆ ಬಂದ್ಲು. ಮ್ಯಾನೇಜರ್ ಎಂತ ಹೇಳಿದ್ರು ಅಂತ ಕೇಳಿದ್ರೆ "ಗುಡ್, ಬಟ್ ಎ ಲಿಟ್ಲ್ ಡ್ರೈ ಅಂದ್ರು ಮಾವ, ಒಳ್ಳೇದೇ ಅಲ್ವಾ, ಕೋಳಿ ಸುಕ್ಕ ಡ್ರೈ ಇದ್ರೇ ಅಲ್ವಾ ರುಚಿ?" ಅಂತ.

ನಗು ಬಂತು, ಆದ್ರೆ ಅವಳದ್ದು ತಪ್ಪಿಲ್ಲ. ನಮ್ಮಲ್ಲಿ ಹೋಟೆಲಿಗೆ ಹೋದ್ರೆ "ಚಿಲ್ಲಿ ಡ್ರೈಯಾ ಗ್ರೇವಿಯಾ" ಅಂತ ಕೇಳ್ತಾರೆ, ಅಂಗಡಿಗೆ ಹೋದ್ರೆ ಡ್ರೈ ಫ್ರೂಟ್ಸು, ಚಳಿಗಾಲದಲ್ಲಿ ಸ್ಕಿನ್ ಡ್ರೈ, ಪದ ದಿನಾ ಬಾಯಲ್ಲಿ ಉಂಟು, ಹಾಗಾಗಿ ಗೊತ್ತುಂಟು ಅಂತಲೇ ನಾವು ಅಂದ್ಕೊಳ್ಳುದು. ಡಿಕ್ಷನರಿ ತೆಗೆದ್ರೆ ಒಂದರ ಕೆಳಗೆ ಒಂದು ಅರ್ಥ, ಯಾರು ಬಾಯಿಪಾಠ ಮಾಡ್ತಾರೆ ಅದನ್ನು. ಅವಳಿಗೆ ನಾನು ಹೇಳಿಕೊಟ್ಟ ಉಪಾಯ ಒಂದೇ: ಡ್ರೈ ಅಂತ ಕಂಡ ಕೂಡ್ಲೆ "ಇಲ್ಲಿ ಇರ್ಬೇಕಾದ್ದು ಎಂತದ್ದು ಇಲ್ಲ?" ಅಂತ ಕೇಳ್ಬೇಕು. ನೀರೇ ಆಗ್ಬೇಕಂತ ಇಲ್ಲ. ಏನು ಇಲ್ಲ ಅಂತ ಪಕ್ಕದ ಪದ ಹೇಳ್ತದೆ.

ಮೊದಲು ಅಡಿಗೆಮನೆಯಲ್ಲೇ ನೋಡಿ. ಜೂನ್ 1ರಿಂದ ಜುಲೈ 31ರ ತನಕ ಮೀನು ಹಿಡಿಯುವ ಟ್ರಾಲ್ ಬೋಟು ಕಡಲಿಗೆ ಇಳಿಯುದಿಲ್ಲ, 61 ದಿನ ರಜೆ, ಆಗ ಡಬ್ಬದಲ್ಲಿ ಕಟ್ಟಿಟ್ಟ ಒಣ ಎಟ್ಟಿ, ಅಂದ್ರೆ ಒಣ ಸಿಗಡಿ, ಹೊರಗೆ ಬರ್ತದೆ. ಅದನ್ನು ಕಾವಲಿಗೆ ಹಾಕಿ ಎಣ್ಣೆ ಒಂದು ತೊಟ್ಟೂ ಬಿಡದೆ ಸಣ್ಣ ಉರಿಯಲ್ಲಿ ತಿರುಗಿಸ್ತಾ ಇರುದು, ಮೊದಲು ಮೆತ್ತಗೆ ಇದ್ದದ್ದು ಸ್ವಲ್ಪ ಹೊತ್ತಲ್ಲಿ ಸೌಟಿಗೆ ತಾಗಿದಾಗ ಕರಕರ ಶಬ್ದ ಮಾಡ್ತದೆ, ಅಷ್ಟೊತ್ತಿಗೆ ಪರಿಮಳ ಪಕ್ಕದ ಮನೆಗೂ ಮುಟ್ಟಿರ್ತದೆ, ಆಮೇಲೆ ಕಾಯಿ ಮೆಣಸು ಹುಳಿ ಸೇರಿಸಿ ಚಟ್ನಿ. ಹೀಗೆ ಹುರಿಯುದಕ್ಕೆ ಇಂಗ್ಲಿಷಲ್ಲಿ ಡ್ರೈ ರೋಸ್ಟ್ ಹೇಳುದು. ಅಲ್ಲಿ ಇಲ್ಲದ್ದು ಎಣ್ಣೆ. ಚಿಲ್ಲಿ ಡ್ರೈಯಲ್ಲಿ ಇಲ್ಲದ್ದು ಗ್ರೇವಿ. ಡ್ರೈ ಟೋಸ್ಟ್ ಅಂದ್ರೆ ಬೆಣ್ಣೆ ಹಚ್ಚಿಲ್ಲ.

ಹಟ್ಟಿಗೆ ಹೋಗುವ, ಡ್ರೈ ಕೌ ಅಂದ್ರೆ ಬಡಕಲು ದನ ಅಲ್ಲ, ಹಾಲು ಬತ್ತಿದ ದನ, ಕರು ಹಾಕುವ ಸುಮಾರು ಎರಡು ತಿಂಗಳು ಮೊದಲು ಕರೆಯುದು ನಿಲ್ಲಿಸಿ ಬತ್ತಿಸ್ತೇವಲ್ಲ ಅದೇ ಡ್ರೈ ಪೀರಿಯಡ್. ಡ್ರೈ ಕಾಫ್ ಅಂದ್ರೆ ಕಫ ಇಲ್ಲದ ಕೆಮ್ಮು. ಡ್ರೈ ಕ್ಲೀನಿಂಗಲ್ಲಿ ಬಟ್ಟೆ ಒದ್ದೆ ಆಗುದೇ ಇಲ್ಲ ಅಂತ ನಾನೂ ತುಂಬಾ ವರ್ಷ ಅಂದ್ಕೊಂಡಿದ್ದೆ, ಚೆನ್ನಾಗಿ ಒದ್ದೆ ಆಗ್ತದೆ, ನೀರಿನ ಬದಲು ಬೇರೆ ಸಾಲ್ವೆಂಟ್ ಹಾಕುದು ಅಷ್ಟೇ. ಡ್ರೈ ಐಸ್ ಅಂದ್ರೆ ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ ಹತ್ರ ಇರ್ತದೆ, ಕರಗಿ ನೀರಾಗುದಿಲ್ಲ, ಸೀದಾ ಗ್ಯಾಸ್ ಆಗಿ ಹೋಗ್ತದೆ. ಬರಿ ಕೈಯಲ್ಲಿ ಮುಟ್ಟಬೇಡಿ ಮತ್ತೆ.

ಡ್ರೈ ಡೇ ಎಲ್ಲರಿಗೂ ಗೊತ್ತು, ಅಕ್ಟೋಬರ್ 2ಕ್ಕೆ ಬಾರಿನ ಶಟರ್ ಕೆಳಗೆ. ವೋಟಿಂಗ್ ಮುಗಿಯುವ ಹೊತ್ತಿನಿಂದ ಹಿಂದಕ್ಕೆ 48 ಗಂಟೆಯೂ ಹಾಗೆಯೇ. ಹೊರಗೆ ಧೋ ಅಂತ ಮಳೆ ಬರ್ತಾ ಇದ್ರೂ ಅದು ಡ್ರೈ ಡೇಯೇ. ಆದ್ರೆ ಅದೇ ಪದ ವೈನಿನ ಬಾಟ್ಲಿ ಮೇಲೆ ಇದ್ರೆ ಮದ್ಯ ಇಲ್ಲ ಅಂತ ಅರ್ಥ ಮಾಡ್ಬೇಡಿ, ಅದರಲ್ಲಿ ಸಿಹಿ ಇಲ್ಲ ಅಂತ, ಸಕ್ಕರೆ ಅಂಶ ಹೆಚ್ಚುಕಡಿಮೆ ಪೂರ್ತಿ ಹುಳಿ ಬಂದು ಮದ್ಯ ಆಗಿರ್ತದೆ. ದಿನಕ್ಕೆ ಡ್ರೈ ಅಂದ್ರೆ ಕುಡಿಯಲಿಕ್ಕೆ ಇಲ್ಲ, ಕುಡಿಯುವುದಕ್ಕೇ ಡ್ರೈ ಅಂದ್ರೆ ಸಿಹಿ ಇಲ್ಲ, ಇಂಗ್ಲಿಷಿನವರ ಲೆಕ್ಕ ಹೀಗೆ.

ಇನ್ನು ಎಡವುದು ಎಲ್ಲಿ ಅಂದ್ರೆ ಮನುಷ್ಯರಿಗೆ, ಮಾತಿಗೆ ಡ್ರೈ ಅಂದಾಗ. ಪ್ರೆಸೆಂಟೇಶನ್, ಲೆಕ್ಚರ್, ಪುಸ್ತಕ, ರಿಪೋರ್ಟ್ ಇಂಥದ್ದರ ಜೊತೆ ಬಂದ್ರೆ ರಸ ಇಲ್ಲ ಅಂತ, ಬೈಗಳವೇ, ಸ್ವಲ್ಪ ಮರ್ಯಾದೆಯ ಬೈಗಳ. ನಮ್ಮ ನೀರಸ ಅನ್ನುವ ಪದ ಸರೀ ಕೂರ್ತದೆ. ಮಾಹಿತಿ ತಪ್ಪು ಅಂತ ಅಲ್ಲ, ಎಲ್ಲ ಸರಿ ಉಂಟು, ಕೇಳುವವರಿಗೆ ಆಕಳಿಕೆ ಬಂತು ಅಂತ. ನಮ್ಮ ಹುಡುಗಿಯ ಕಥೆ ಅದೇ, 22 ಸ್ಲೈಡಲ್ಲಿ ಬರೀ ಟೇಬಲ್, ಒಂದು ಉದಾಹರಣೆ ಇಲ್ಲ. ವಾಟ್ಸಾಪಲ್ಲಿ ನಾವು ಇಷ್ಟುದ್ದ ಬರೆದದ್ದಕ್ಕೆ "ಹ್ಮ್" "ಓಕೆ" ಅಂತ ಉತ್ತರ ಬಂದ್ರೆ ಮಕ್ಕಳು ಡ್ರೈ ಟೆಕ್ಸ್ಟಿಂಗ್ ಅಂತಾರಲ್ಲ, ಅದೂ ಇದೇ ಜಾತಿ.

ಆದ್ರೆ ಹ್ಯೂಮರ್ ಜೊತೆ ಬಂದ್ರೆ ಪೂರಾ ಉಲ್ಟಾ, ಹೊಗಳಿಕೆ! ಡ್ರೈ ಹ್ಯೂಮರ್ ಅಂದ್ರೆ ಸಪ್ಪೆ ಜೋಕ್ ಅಲ್ಲ. ಇಲ್ಲದ್ದು ಜೋಕಲ್ಲ, ಹೇಳುವವನ ಮುಖದಲ್ಲಿ ನಗು ಇಲ್ಲ. ಒಂದು ಜುಲೈಯಲ್ಲಿ ಮೂರು ದಿನ ಬಿಡದೆ ಹೊಯ್ದು ನಮ್ಮ ಅಂಗಳದಲ್ಲಿ ಮೊಣಕಾಲವರೆಗೆ ನೀರು, ಕರೆಂಟಿಲ್ಲ, ನಾವು ಬಕೆಟಲ್ಲಿ ಜಗಲಿಯ ನೀರು ತೆಗೆದು ಎಸೀತಾ ಇದ್ದೆವು, ಪಕ್ಕದ ಮನೆ ಅಣ್ಣ ಕೊಡೆ ಹಿಡ್ಕೊಂಡು ಬಂದು ಎರಡು ನಿಮಿಷ ಸುಮ್ನೆ ನೋಡಿ, ಮುಖದಲ್ಲಿ ಒಂದು ಗೆರೆ ಅಲ್ಲಾಡಿಸದೆ "ಬಾವಿಗೆ ಸ್ವಲ್ಪ ಆದ್ರೂ ನೀರು ಬಂತಾ?" ಅಂತ ಕೇಳಿದ್ರು. ಅದು ಡ್ರೈ ಹ್ಯೂಮರ್. ಅವರೇ ನಗಾಡಿಕೊಂಡು ಹೇಳಿದ್ರೆ ನನಗೆ ಸಿಟ್ಟು ಬರ್ತಿತ್ತು.

ಆಫೀಸಿನ ಡ್ರೈ ರನ್ ಅಂದ್ರೆ ಅಸಲಿ ಕೆಲಸದ ಮೊದಲು ಖಾಲಿ ಒಂದು ಸಲ ಮಾಡಿ ನೋಡುದು, ಶಾಲೆಯ ಯಕ್ಷಗಾನಕ್ಕೆ ಬಣ್ಣ ಇಲ್ಲದೆ ವೇಷ ಇಲ್ಲದೆ ಪದ ಹೇಳಿ ಹೆಜ್ಜೆ ನೋಡ್ಕೊಳ್ಳುದಿಲ್ವಾ, ಹಾಗೆ. ಹೈ ಆ್ಯಂಡ್ ಡ್ರೈ ಅನ್ನುದಕ್ಕೆ ನಮ್ಮ ಕಡಲ ಬದಿಯವರಿಗೆ ವಿವರಣೆಯೇ ಬೇಡ, ನೀರು ಇಳಿದ ಮೇಲೆ ಮರಳಲ್ಲಿ ಕೂತುಬಿಟ್ಟ ದೋಣಿ, ಆಚೆಗೂ ಇಲ್ಲ ಈಚೆಗೂ ಇಲ್ಲ. ತಂಗಿಯ ಮೆಹಂದಿ ದಿನ ಪೆಂಡಾಲಿನವ ಫೋನ್ ಸ್ವಿಚ್ ಆಫ್ ಮಾಡಿ ಕೂತಾಗ ನಾನು ಹಾಗೇ ಆದದ್ದು.

ಬರೆಯುವಾಗ ಒಂದು ಸಣ್ಣ ವಿಷಯ. ತಾನಾಗಿಯೇ ಒಣ ಇದ್ದದ್ದು ಡ್ರೈ, ನಾವು ಒಣಗಿಸಿ ಇಟ್ಟದ್ದು ಡ್ರೈಡ್. ಒಣ ಮೀನಿಗೆ ಡ್ರೈ ಫಿಶ್ ಅಂತ ಇಲ್ಲಿ ನಡೀತದೆ, ಆದ್ರೆ ಹೊರದೇಶದವರಿಗೆ ಬರೆಯುವಾಗ ಡ್ರೈಡ್ ಫಿಶ್ ಅಂತ ಬರೀರಿ. ಮತ್ತೆ ಅವರ ಡ್ರೈಡ್ ಫ್ರೂಟ್ ಅಂದ್ರೆ ಒಣ ದ್ರಾಕ್ಷಿ, ಖರ್ಜೂರದಂಥ ಹಣ್ಣು ಅಷ್ಟೇ, ನಮ್ಮ ಗೋಡಂಬಿ ಬಾದಾಮಿ ಅವರಿಗೆ ನಟ್ಸ್.

ಕನ್ನಡದ ಒಣ ತಗೊಂಡು ಇಂಗ್ಲಿಷಿಗೆ ಹೋಗುವಾಗ ಜಾಸ್ತಿ ಜಾಗ್ರತೆ ಬೇಕು. ಹೆದರಿಕೆಗೆ ಬಾಯಿ ಪಸೆ ಆರಿತು ಅನ್ನುದು ಮೌತ್ ವೆಂಟ್ ಡ್ರೈ ಅಂತ ಆರಾಮಾಗಿ ಹೋಗ್ತದೆ. ಒಣ ಜಂಭ ಹೋಗುದಿಲ್ಲ. ನಮ್ಮ ಒಣ ಅಲ್ಲಿ ಪೊಳ್ಳು ಅನ್ನುವ ಅರ್ಥಕ್ಕೆ ಬರುದು, ಕೈಯಲ್ಲಿ ಮೂರು ಕಾಸಿಲ್ಲದೆ ಮೀಸೆ ತಿರುವುದು, ಅದಕ್ಕೆ ಎಂಪ್ಟಿ ಅಂತ ಹಾಕ್ಬೇಕು. ಒಣ ವೇದಾಂತವೂ ಹೆಚ್ಚಿನ ಕಡೆ ಹಾಗೆಯೇ. ಡ್ರೈ ಪ್ರೈಡ್ ಅಂತ ಬರೆದ್ರೆ ಓದಿದವ ಅದ್ಯಾವುದೋ ಹೊಸ ಬ್ರಾಂಡಿನ ಜಿನ್ ಅಂತ ಅಂದ್ಕೊಂಡಾನು.