ಚೆಂಡನ್ನು ನೋಡಬೇಡ

2015ರ ಸೆಪ್ಟೆಂಬರ್‌ನ ಒಂದು ಶನಿವಾರ ಬೆಳಿಗ್ಗೆ ತರಕಾರಿ ತರಲೆಂದು ಕಾರು ತೆಗೆದವನು ಮನೆಯ ಮುಂದಿನ ರಸ್ತೆಗೂ ಇಳಿಯಲಾಗದೆ ವಾಪಸು ಬಂದೆ. ಮಿಶಿಗನ್ ರಾಜ್ಯದ ಆ್ಯನ್ ಆರ್ಬರ್‌ಗೆ ಬಂದು ಆಗ ಒಂದೂವರೆ ತಿಂಗಳು. ಬಾಡಿಗೆ ಕಡಿಮೆಯೆಂದು ಹಿಡಿದ ಮನೆ ಮಿಶಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹತ್ತೇ ನಿಮಿಷದ ನಡಿಗೆ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅದರ ಅರ್ಥ ನನಗೆ ಆಗುತ್ತಿರಲಿಲ್ಲ. ಬೀದಿ ತುಂಬ ಮುಸುಕಿನ ಜೋಳದ ಹಳದಿ, ಕಡುನೀಲಿ ಅಂಗಿಗಳು. ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಿದ್ದರು. ನಮ್ಮ ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಇವರಿಗೆ ಚಳಿಗಾಲ ಕಾಲಿಡುವ ಮೊದಲೇ ಆರೇಳು ಸಲ.

ನೆರೆಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದರು. ತಮ್ಮ ಹುಲ್ಲಿನ ಅಂಗಳದಲ್ಲಿ ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಹಣ ಪಡೆಯುತ್ತಿದ್ದರು. ನನ್ನ ಅಂಗಳ ಖಾಲಿ ಬಿದ್ದಿರುವುದನ್ನು ಕಂಡು ಅವರಿಗೆ ನಿಜವಾಗಿಯೂ ಸಂಕಟವಾಯಿತು. ಮರುವಾರ ಮನೆಯ ಮಾಲೀಕರ ಒಪ್ಪಿಗೆ ಪಡೆದು ನಾನೂ ರಟ್ಟಿನ ಬೋರ್ಡ್ ಹಿಡಿದು ನಿಂತೆ. ಆಟದ ನಂಟು ಶುರುವಾದದ್ದು ಹೀಗೆ, ನಾಲ್ಕು ಕಾರಿನ ಬಾಡಿಗೆಯಿಂದ.

ಅಂದೇ ನೆರೆಯವರ ಹೆಂಡತಿಗೆ ನೆಗಡಿಯಾಗಿ ಒಂದು ಟಿಕೆಟ್ ಉಳಿದಿತ್ತು. ಎದುರಾಳಿ ಲಾಸ್ ವೇಗಸ್‌ನ ದುರ್ಬಲ ತಂಡ. ಹೊಸಬರು ಇಂಥ ಪಂದ್ಯದಿಂದಲೇ ಶುರುಮಾಡುವುದು ಒಳ್ಳೆಯದು. ಫಲಿತಾಂಶದ ಆತಂಕವಿಲ್ಲದೆ ಕಣ್ಣಿಗೆ ಅಭ್ಯಾಸವಾಗುತ್ತದೆ. ತಿಂಡಿಯ ಚೀಲ ಹೆಗಲಿಗೇರಿಸಿ ಹೊರಟೆ. ಚೀಲ ಒಳಗೆ ಬಿಡುವುದಿಲ್ಲವೆಂದು ಬಾಗಿಲಲ್ಲಿ ಗೊತ್ತಾಗಿ, ಮನೆಗೆ ಓಡಿ ಇಟ್ಟು ಬಂದೆ. 1927ರಲ್ಲಿ ತೆರೆದ ಈ ಕ್ರೀಡಾಂಗಣವನ್ನು ‘ಬಿಗ್ ಹೌಸ್’ ಎನ್ನುತ್ತಾರೆ. 1,07,601 ಆಸನಗಳು. ಆದರೆ ಅದರ ಬಹುಪಾಲು ನೆಲಮಟ್ಟಕ್ಕಿಂತ ಕೆಳಗಿದೆ. ಬಾಗಿಲು ದಾಟಿದವನಿಗೆ ಮೇಲೆ ಹತ್ತುವ ಕೆಲಸವಿಲ್ಲ. ಕಾಲ ಬುಡದಿಂದಲೇ ಪುಷ್ಕರಣಿಯ ಮೆಟ್ಟಿಲುಗಳಂತೆ ಸಾಲು ಸಾಲು ಬೆಂಚುಗಳು ಇಳಿಯುತ್ತವೆ, ತಳದಲ್ಲಿ ನೀರಿನ ಬದಲು ಹಸಿರು ಮೈದಾನ.

ನಿಯಮಗಳನ್ನು ನಾನು ಕ್ರಿಕೆಟ್ಟಿಗೆ ಹೊಲಿದುಕೊಂಡೆ. ನಾಲ್ಕು ಎಸೆತಗಳಲ್ಲಿ ಹತ್ತು ಗಜ ಗಳಿಸಬೇಕು, ಗಳಿಸಿದರೆ ಮತ್ತೆ ನಾಲ್ಕು ಎಸೆತ, ಇಲ್ಲವಾದರೆ ಬ್ಯಾಟು ಎದುರಾಳಿಯ ಕೈಗೆ. ನಾಲ್ಕನೆಯದರಲ್ಲಿ ಆಸೆ ಇಲ್ಲವೆನಿಸಿದರೆ ಚೆಂಡನ್ನು ದೂರಕ್ಕೆ ಒದ್ದು ಬಿಡುತ್ತಾರೆ; ಅದು ಪಂಟ್. ಚೆಂಡಿನೊಂದಿಗೆ ಎದುರಾಳಿಯ ಗೋಲ್ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಇಷ್ಟು ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ಆದರೂ ಮೊದಲ ಅರ್ಧ ಗಂಟೆ ನನಗೆ ಕಂಡದ್ದು ಬರೀ ನೂಕುನುಗ್ಗಲು. ಚೆಂಡು ಯಾರ ಬಳಿ ಇದೆಯೆಂದು ಹುಡುಕುವಷ್ಟರಲ್ಲಿ ಸೀಟಿ ಊದಿರುತ್ತಿತ್ತು. ಪಕ್ಕದವರು ನನ್ನ ಮೊಣಕಾಲು ತಟ್ಟಿ ಹೇಳಿದರು: “ಚೆಂಡನ್ನು ನೋಡಬೇಡ. ಆ ಐವರನ್ನು ನೋಡು.”

ಐವರೆಂದರೆ ಒಫೆನ್ಸಿವ್ ಲೈನ್. ಒಬ್ಬೊಬ್ಬನೂ 130, 140 ಕೆ.ಜಿ. ತೂಗುವ ಹುಡುಗರು. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕೂ ಸಾಮಾನ್ಯವಾಗಿ ಇವರಿಗಿಲ್ಲ. ತಳ್ಳುವುದು, ತಡೆಯುವುದು, ದಾರಿ ಮಾಡಿಕೊಡುವುದು, ಇಷ್ಟೇ ಕೆಲಸ. ಬಾಗಿ ನೆಲಕ್ಕೆ ಕೈಯೂರಿದವನ ಬೆರಳಿನ ಮೇಲೆ ಭಾರ ಬಿದ್ದಿದ್ದರೆ ಓಟ ಬರುತ್ತದೆ. ಹಿಮ್ಮಡಿಯ ಮೇಲೆ ವಾಲಿದ್ದರೆ ಬಹುಶಃ ಚೆಂಡನ್ನು ಮುಂದಕ್ಕೆ ಎಸೆಯುತ್ತಾರೆ. ಎರಡನೆಯ ಅರ್ಧದಲ್ಲಿ ನನ್ನ ಊಹೆ ನಾಲ್ಕಕ್ಕೆ ಮೂರು ಸಲ ಸರಿಯಾಗತೊಡಗಿತು. ಇಬ್ಬರು ಎಡಕ್ಕೆ ಒರಗಿ, ಮೂರನೆಯವನು ಬಲಕ್ಕೆ ಒತ್ತಿ, ನಡುವೆ ಬಾಗಿಲಿನಷ್ಟು ಸಂದು ತೆರೆಯುತ್ತದೆ. ಮರುಕ್ಷಣ ಚೆಂಡು ಹಿಡಿದವನು ಅಲ್ಲಿಂದ ಹೊರಬರುತ್ತಾನೆ. ಟಿವಿಯ ಕ್ಯಾಮೆರಾ ಚೆಂಡಿನ ಬೆನ್ನು ಬೀಳುವುದರಿಂದ ಇದು ಅಲ್ಲಿ ಪೂರ್ತಿ ಕಾಣುವುದಿಲ್ಲ. ಟಿಕೆಟ್ ಕೊಳ್ಳುವವರು ಗೋಲ್ ಕಂಬದ ಹಿಂದಿನ ಆಸನ ಅಗ್ಗವೆಂದು ಹೀಗಳೆಯಬೇಡಿ; ಸಂದು ತೆರೆಯುವುದನ್ನು ನೇರವಾಗಿ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಂದು 28-7ರಿಂದ ಗೆದ್ದೆವು. ಗೆದ್ದರು ಎನ್ನಬೇಕು. ನನಗಿನ್ನೂ ಅದು ಬೇರೆಯವರ ಮನೆಯ ಮದುವೆ.

ಅಕ್ಟೋಬರ್ 17ರಂದು ಪಕ್ಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಬಂತು. ದಾಯಾದಿಗಳು. ಟಿಕೆಟ್ ನನ್ನ ಕೈಗೆಟುಕದ ಬೆಲೆಗೆ ಹೋಗಿತ್ತು. ಅಂಗಳದ ಕಾರುಗಳನ್ನು ಕಾಯುತ್ತ ಟಿವಿಯಲ್ಲಿ ನೋಡಿದೆ. ಹತ್ತು ಸೆಕೆಂಡು ಬಾಕಿ, ನಮ್ಮದು 23, ಅವರದು 21. ಪಂಟ್ ಮಾಡಿದರೆ ಮುಗಿಯಿತು. ಹಿಂದಕ್ಕೆ ಬಂದ ಚೆಂಡು ಪಂಟರ್‌ನ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಾಗಿದವನ ಮೇಲೆ ಎದುರಾಳಿಗಳು ಮುಗಿಬಿದ್ದರು. ಅವರಲ್ಲೊಬ್ಬ ಚೆಂಡು ಹಿಡಿದು 38 ಗಜ ಓಡಿ ಗೆರೆ ದಾಟುವಾಗ ಗಡಿಯಾರ ಸೊನ್ನೆ ತೋರಿಸುತ್ತಿತ್ತು. 27-23. ಪ್ರೇಕ್ಷಕರೆಲ್ಲ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ನಾವು ಮಾತಿಗೆ ಹೇಳುವುದನ್ನು ಅಷ್ಟು ಸಾವಿರ ಜನ ಒಟ್ಟಿಗೆ ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಕಾರಿನವರು ಬಂದರು. ಬೆಳಿಗ್ಗೆ ಅಂಗಳದಲ್ಲಿ ಕುಣಿದಿದ್ದ ಹುಡುಗ ಅಪ್ಪನ ಹೆಗಲ ಮೇಲೆ ಮುಖ ಹುದುಗಿಸಿದ್ದ. ಯಾರೂ ಮಾತಾಡಲಿಲ್ಲ. ಟಾರ್ಚ್ ಹಿಡಿದು ಒಂದೊಂದೇ ಕಾರನ್ನು ರಸ್ತೆಗೆ ಹಿಂದೆ ಸರಿಸಿ ಕಳಿಸಿದೆ, ಹೆಣ ಎತ್ತಿದ ಮನೆಯಲ್ಲಿ ಚಪ್ಪಲಿ ಹುಡುಕಿಕೊಡುವವನಂತೆ.

ಮರುದಿನ ಮಧ್ಯಾಹ್ನ ಊರಿನಿಂದ ಅಮ್ಮನ ಫೋನ್.

“ಯಾಕೋ ದನಿ ಬಿದ್ದುಹೋಗಿದೆ?”

“ಸೋತುಬಿಟ್ಟೆವು ಅಮ್ಮ. ಕೊನೆಯ ಹತ್ತು ಸೆಕೆಂಡಿನಲ್ಲಿ.”

“ಹೌದಂತೆ, ಅಪ್ಪನೂ ಬೇಜಾರಿನಲ್ಲಿದ್ದಾರೆ. ಹದಿನೆಂಟೇ ರನ್ನು.”

ಅಂದು ರಾಜ್‌ಕೋಟ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾದ ಎದುರು ಸೋತಿತ್ತು. ಅಂಥದ್ದೊಂದು ಪಂದ್ಯ ನಡೆಯುತ್ತಿದೆ ಎಂಬುದೇ ನನ್ನ ತಲೆಯಲ್ಲಿರಲಿಲ್ಲ. ಎಂಟನೆಯ ವಯಸ್ಸಿನಿಂದ ಸ್ಕೋರು ಕೇಳದೆ ಮಲಗದವನು ನಾನು. ತಿದ್ದಲು ಹೋಗಲಿಲ್ಲ, ಹೌದು ಅಮ್ಮ ಎಂದೆ.

ಮುಂದಿನ ವರ್ಷಗಳು ಕಷ್ಟದವು. ನವೆಂಬರ್ ಕೊನೆಯ ಶನಿವಾರ ಓಹಾಯೊ ಸ್ಟೇಟ್ ಎದುರಿನ ಪಂದ್ಯ ಈ ಊರಿನ ವರ್ಷದ ಲೆಕ್ಕಾಚಾರ. 2012ರಿಂದ 2019ರವರೆಗೆ ಸತತ ಎಂಟು ಸೋಲು. 2020ರದ್ದು ಕೋವಿಡ್‌ನಿಂದ ರದ್ದಾಯಿತು. ಓಹಾಯೊ ಸ್ಟೇಟ್‌ನ ಊರಾದ ಕೊಲಂಬಸ್‌ನಲ್ಲಿರುವ ನನ್ನ ಷಡ್ಡಕ ಪ್ರತಿ ಭಾನುವಾರ ಬೆಳಿಗ್ಗೆ ಕುಶಲ ಕೇಳಲು ಫೋನ್ ಮಾಡುವವನಲ್ಲ; ಆ ಒಂದು ಭಾನುವಾರ ಮಾತ್ರ ತಪ್ಪಿಸುತ್ತಿರಲಿಲ್ಲ.

2021ರ ನವೆಂಬರ್ 27. ಹಿಮ ಬೀಳುತ್ತಿತ್ತು. ಬೆಂಚಿನ ಮೇಲೆ ಬರೆದ ಅಂಕಿಯೇ ನಮ್ಮ ಜಾಗ, ಒರಗಲು ಬೆನ್ನಾಸರೆ ಇಲ್ಲ. ಎಲ್ಲರೂ ದಪ್ಪ ಕೋಟು ತೊಟ್ಟಿದ್ದರಿಂದ ಓರೆಯಾಗಿ ನಿಂತರಷ್ಟೇ ಹಿಡಿಯುತ್ತಿದ್ದೆವು. ಹಸ್ಸನ್ ಹ್ಯಾಸ್ಕಿನ್ಸ್ ಐದು ಟಚ್‌ಡೌನ್ ಹೊಡೆದ, 28 ಓಟಗಳಲ್ಲಿ 169 ಗಜ. 42-27. ಪತ್ರಿಕೆಗಳು ಅವನ ಚಿತ್ರ ಹಾಕಿದವು, ಹಾಕಲೇಬೇಕು. ನಾನೂ ನೆರೆಯವರೂ ನೋಡಿದ್ದು ಐವರ ಬೆರಳುಗಳನ್ನು. ಕೊನೆಯ ಕಾಲುಭಾಗದಲ್ಲಿ ಓಟವೇ ಬರುತ್ತದೆಂದು ನಮಗೂ ಗೊತ್ತು, ಓಹಾಯೊದವರಿಗೂ ಗೊತ್ತು. ಆದರೂ ಸಂದು ತೆರೆಯುತ್ತಲೇ ಹೋಯಿತು. ದೇಶದ ಅತ್ಯುತ್ತಮ ಒಫೆನ್ಸಿವ್ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಆ ವರ್ಷ ಇವರಿಗೇ ಬಂತು, ಮರುವರ್ಷವೂ.

ಜನ ಮೈದಾನಕ್ಕೆ ಧುಮುಕಿದರು. ನೆರೆಯವರ ಮೊಣಕಾಲು ಕೇಳುವುದಿಲ್ಲವಾದ್ದರಿಂದ ನಾವಿಬ್ಬರೂ ಬೆಂಚಿನ ಮೇಲೆಯೇ ನಿಂತು, ಕತ್ತಲಾಗುವ ಹೊತ್ತಿಗೆ ಮನೆಗೆ ನಡೆದೆವು. ಅಂಗಳ ಖಾಲಿಯಾಗಿತ್ತು, ಹಿಮದಲ್ಲಿ ಚಕ್ರದ ಗುರುತುಗಳಷ್ಟೇ ಉಳಿದಿದ್ದವು. ಬೆಳಿಗ್ಗೆಯ ಗಡಿಬಿಡಿಯಲ್ಲಿ ನಾಲ್ಕು ಕಾರಿನವರಿಂದಲೂ ಹಣ ಪಡೆಯುವುದನ್ನೇ ಮರೆತಿದ್ದೆನೆಂದು ಆಗ ನೆನಪಾಯಿತು. ಒಳಗೆ ಹೋಗಿ ಕೋಟು ಕಳಚದೆಯೇ ಕೊಲಂಬಸ್‌ಗೆ ಫೋನ್ ಹಚ್ಚಿದೆ. ಷಡ್ಡಕ ಎತ್ತಲಿಲ್ಲ.