ನೈಟ್ ಡ್ಯೂಟಿಯಲ್ಲಿ ಗಡಿಯಾರ ಮತ್ತು ನಾನು

ನೈಟ್ ಡ್ಯೂಟಿಯಲ್ಲಿ ಹೊತ್ತೇ ಹೋಗಲ್ಲ ಅನ್ನುವವರು ಹನ್ನೆರಡರ ತನಕದ ವಾರ್ಡ್ ನೋಡಿರಲಿಕ್ಕಿಲ್ಲ. ಹ್ಯಾಂಡೋವರ್ (ಹಿಂದಿನ ಪಾಳಿಯವರು ರೋಗಿಗಳ ವಿಷಯ ಹೇಳಿ ಒಪ್ಪಿಸುವುದು), ರಾತ್ರಿ ಮಾತ್ರೆ, ಬಿಪಿ, ನಡುವೆ ಒಂದು ಹೊಸ ಅಡ್ಮಿಷನ್. ತಲೆ ಎತ್ತುವಷ್ಟರಲ್ಲಿ ತಾರೀಖೇ ಬದಲಾಗಿರುತ್ತದೆ.

ಕಷ್ಟ ಶುರುವಾಗುವುದು ಮೂರರ ಮೇಲೆ. ಬೆಳಗಿನ ಜಾವಕ್ಕೆ ಮೈಯ ಶಾಖ ಇಡೀ ದಿನದಲ್ಲೇ ಕಡಿಮೆ ಮಟ್ಟಕ್ಕೆ ಇಳಿಯುತ್ತದೆ. ಚಳಿಯಾಗುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತೀರಿ. ಇದು ಸೋಮಾರಿತನ ಅಲ್ಲ. ಆ ಹೊತ್ತಿಗೆ ನಾನು ಕೂತು ಮಾಡುವ ಕೆಲಸ ಇಟ್ಟುಕೊಳ್ಳುವುದಿಲ್ಲ. ಎದ್ದೇಳಲಾಗದ ರೋಗಿಗಳನ್ನು ಮಗ್ಗುಲು ಬದಲಿಸುವುದು, ಡ್ರಿಪ್ ನೋಡುವುದು, ಇಂಥವೇ. ಗಂಟೆಗೆ 100 ಮಿಲಿ ಹೋಗಬೇಕು, ಡ್ರಿಪ್‌ನ ಕೊಳವೆ ಸೆಟ್ ಮಿಲಿಗೆ 20 ಹನಿ ಬೀಳಿಸುವಂಥದ್ದು ಅಂದರೆ ನಿಮಿಷಕ್ಕೆ ಸುಮಾರು 33 ಹನಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬಹುದು. ಆದರೆ ನಾಲ್ಕು ಗಂಟೆಗೆ ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಕಮ್ಮಿ. ವಾಚ್ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಆ ಒಂದು ನಿಮಿಷ ಎಷ್ಟು ಉದ್ದ ಅಂತೀರಿ!

ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಳಿಸುವ ಪ್ರಯತ್ನ, ನಡೆಯುವಾಗಲೂ ಅಷ್ಟೇ, ಮನಸ್ಸು ಹೇಳುವ ಟೈಮ್ ನಂಬಬಾರದು. ಎದೆ ಒತ್ತುವವರು ಎರಡು ನಿಮಿಷಕ್ಕೊಮ್ಮೆ ಬದಲಾಗಬೇಕು, ಅಡ್ರಿನಲಿನ್ ಇಂಜೆಕ್ಷನ್ 3ರಿಂದ 5 ನಿಮಿಷಕ್ಕೊಮ್ಮೆ. ಈಗಷ್ಟೇ ಕೊಟ್ಟೆವು ಅನ್ನಿಸಿದಾಗ ನಾಲ್ಕು ನಿಮಿಷ ಕಳೆದಿರುತ್ತದೆ. ಅದಕ್ಕೇ ಒಬ್ಬರು ಟೈಮ್ ಕೂಗಿ ಹೇಳುತ್ತಾ, ಕೈಗೆ ಸಿಕ್ಕ ಕಾಗದದ ಮೇಲೆ ಆಗಿಂದಾಗಲೇ ಬರೆಯಬೇಕು. ಚಾರ್ಟ್‌ಗೆ ಆಮೇಲೆ ಏರಿಸಿದರಾಯಿತು. ಎಲ್ಲ ಮುಗಿದ ಮೇಲೆ ನೆನಪಿನಿಂದ ಬರೆದ ಟೈಮ್ ಸರಿಯಿರುವುದು ಅಪರೂಪ.

ಇನ್ನು ರೋಗಿಗಳ ಟೈಮ್. “ಸಿಸ್ಟರ್, ಗಂಟೆ ಎಷ್ಟಾಯ್ತು?” ಅಂತ ಕೇಳುತ್ತಲೇ ಇರುತ್ತಾರೆ. ನಿದ್ದೆ ಬಾರದವರಿಗೆ, ನೋವಿರುವವರಿಗೆ ಬೇಕಿರುವುದು ಗಂಟೆ ಅಲ್ಲ, ಇನ್ನೆಷ್ಟು ಹೊತ್ತು ಅನ್ನುವುದು. “ಬೆಳಗಾಗುತ್ತೆ ಮಲಗಿ” ಅಂದರೆ ಹತ್ತು ನಿಮಿಷಕ್ಕೆ ಮತ್ತೆ ಬೆಲ್. ನಾನು ಗಂಟೆಯನ್ನು ಇದ್ದ ಹಾಗೇ ಹೇಳುತ್ತೇನೆ. ವಯಸ್ಸಾದವರಿಗೆ ದಿನವಿಡೀ ಲೈಟ್ ಉರಿಯುವ ಕಡೆ ಹಗಲು ರಾತ್ರಿ ಬೇಗ ಕಲಸಿಹೋಗುತ್ತದೆ, ಹಾಗಾಗಿ ಸುಮ್ನೆ ಸಮಾಧಾನಕ್ಕೆ ಸುಳ್ಳು ಟೈಮ್ ಹೇಳಬಾರದು. ಜೊತೆಗೆ ಒಂದು ಮಾತು ಸೇರಿಸುತ್ತೇನೆ: “ಈಗ ಎರಡೂಕಾಲು. ಮೂರು ಗಂಟೆಗೆ ನಾನೇ ಬಂದು ನೋಡ್ತೀನಿ.” ಹಾಗಂದ ಮೇಲೆ ಮೂರಕ್ಕೆ ಹೋಗಲೇಬೇಕು, ಅವರು ಮಲಗಿದ್ದರೂ.

ಕಾಫಿ ವಿಷಯ ಚಿಕ್ಕದು. ಕುಡಿದು ಐದು ಗಂಟೆಯಾದರೂ ಕೆಫೀನ್ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ರಾತ್ರಿ ಎರಡು ಗಂಟೆಯ ಮೇಲೆ ಕುಡಿದರೆ ಬೆಳಿಗ್ಗೆಯ ನಿದ್ದೆಗೆ ಕಲ್ಲು.

ತಾರೀಖು ಮಾತ್ರ ನೈಟ್‌ನ ನಿಜವಾದ ತಲೆನೋವು. ನಡುರಾತ್ರಿ ಒಂದು ಗಂಟೆಗೆ “ನಾಳೆ ಆಪರೇಷನ್” ಅಂದರೆ ಯಾವ ನಾಳೆ? ಇನ್ನು ಕೆಲವೇ ಗಂಟೆಗಳಲ್ಲೋ, ಮಾರನೆಯ ದಿನವೋ? ರೋಗಿಯನ್ನು ಸುಮ್ನೆ ಉಪವಾಸ ಕೆಡವಲು ಇಷ್ಟು ಸಾಕು. ಹ್ಯಾಂಡೋವರ್‌ನಲ್ಲಿ ನಾನು ಇವತ್ತು, ನಾಳೆ ಅನ್ನುವುದನ್ನೇ ಬಿಟ್ಟಿದ್ದೇನೆ. ವಾರ, ತಾರೀಖು, ಗಂಟೆ ಮೂರನ್ನೂ ಹೇಳುತ್ತೇನೆ. ರಾತ್ರಿ 12 ಅಂತಲೂ ಬರೆಯುವುದಿಲ್ಲ, ಅದು ಯಾವ ತಾರೀಖಿನದು ಅನ್ನುವ ಗೊಂದಲ ಬೇಡ ಅಂತ 23:59 ಅಥವಾ 00:01.