ವೆರ್ಡಿ ಪ್ಲೇಟುಗಳಿಗೆ ತಂಬೂರಿ ಇಟ್ಟು ಸ್ಪೀಡ್ ಹಿಡಿದದ್ದು: ನನ್ನ ಅನುಭವ

ಹಳೇ ಗ್ರಾಮಫೋನ್ ಪ್ಲೇಟು ಅಂದರೆ ನಿಮಿಷಕ್ಕೆ 78 ಸುತ್ತು, ಅಷ್ಟಕ್ಕೆ ಗುಂಡಿ ತಿರುಗಿಸಿದರೆ ಮುಗೀತು ಅಂತ ಇನ್ನೂ ಎಷ್ಟೋ ಜನ ನಂಬಿದ್ದಾರೆ. 1910ಕ್ಕಿಂತ ಹಿಂದಿನ ಪ್ಲೇಟು ಹಾಕಿ ನೋಡಿದವರಿಗೆ ಗೊತ್ತು, ಅದು 70 ಇರಬಹುದು, 80 ದಾಟಿರಲೂಬಹುದು. ಇಟಲಿಯ ಆಪೆರಾ ಸಂಗೀತಗಾರ ವೆರ್ಡಿಯ ಆರಿಯಾಗಳ (ಆಪೆರಾದಲ್ಲಿ ಒಬ್ಬರೇ ಹಾಡುವ ಹಾಡುಗಳ) ಪ್ಲೇಟುಗಳಿಗೆ ಸರಿಯಾದ ಸ್ಪೀಡ್ ಹುಡುಕೋಕೆ ನಾನು ತಂಬೂರಿ ಇಟ್ಟುಕೊಂಡೆ. ಮಿಲಾನಿನಲ್ಲಿ ನನ್ನ ಜೊತೆ ಪ್ಲೇಟು ಕೂಡಿಡುವ ಗೆಳೆಯರು ಇದು ಆಗೋ ಮಾತಲ್ಲ ಅಂದಿದ್ದರು. ಈಗ ಅವರೇ ಫೈಲ್ ಕಳಿಸು ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಸ್ಪೀಡ್ ಬದಲಿಸಬಹುದಾದ ಸೆಕೆಂಡ್‌ಹ್ಯಾಂಡ್ ಟರ್ನ್‌ಟೇಬಲ್‌ಗೆ 350 ಯೂರೋ ಆಸುಪಾಸು ಹೋಯಿತು. ಮುಳ್ಳುಗಳಿಗೆ ಅದಕ್ಕಿಂತ ಜಾಸ್ತಿ. 2.5, 2.8, 3.2 ಮಿಲ್ (ಇಂಚಿನ ಸಾವಿರದಲ್ಲೊಂದು ಪಾಲು) ತುದಿಯವು ಒಂದೊಂದು ಬೇಕೇ ಬೇಕು. ಇಕ್ವಲೈಸೇಶನ್ ಇಲ್ಲದ, ಅಂದರೆ ದನಿಯನ್ನು ತಿದ್ದದೆ ಇದ್ದ ಹಾಗೇ ದೊಡ್ಡದು ಮಾಡುವ ಪ್ರೀಆಂಪ್ ಇನ್ನೊಂದು 120. ಇವೆಲ್ಲ ತಂದಮೇಲೆ ಸ್ಪೀಡ್ ತಾನಾಗೇ ಹುಡುಕುತ್ತೆ ಅಂತ ಮಾರುವ ಒಂದು ಸಾಫ್ಟ್‌ವೇರ್‌ಗೂ ದುಡ್ಡು ಸುರಿದೆ. ಅದು ಕರೆಂಟಿನ ಗುಂಯ್ ಶಬ್ದ ಹಿಡಿದು ಲೆಕ್ಕ ಹಾಕುತ್ತೆ. ಕೊಂಬಿನೊಳಗೆ ಹಾಡಿಸಿ ಮೇಣದ ಮೇಲೆ ಕೊರೆದ ಕಾಲದ ಪ್ಲೇಟಿನಲ್ಲಿ ಕರೆಂಟಿನ ಶಬ್ದ ಎಲ್ಲಿಂದ ಬರಬೇಕು? ಪೂರಾ ನಷ್ಟ.

ಎಲ್ಲರೂ ಮಾಡೋದು ಒಂದೇ. ವೆರ್ಡಿಯ ಪ್ರಕಾಶಕ ರಿಕೋರ್ಡಿಯ ಸ್ಕೋರ್ (ಸ್ವರ ಬರೆದ ಪುಸ್ತಕ) ತೆಗೆದು, ಆರಿಯಾ ಯಾವ ಸ್ವರದಲ್ಲಿದೆ ಅಂತ ನೋಡಿ, ಪ್ಲೇಟನ್ನು ಅದಕ್ಕೆ ಕೂರಿಸೋದು. ಇದರಲ್ಲಿ ಒಂದು ತೊಡಕಿದೆ. ಹಾಡುವವರು ತಮಗೆ ಅನುಕೂಲವಾದಂತೆ ಅರ್ಧ ಸ್ವರ, ಒಂದು ಸ್ವರ ಇಳಿಸಿಕೊಂಡು ಹಾಡುತ್ತಿದ್ದರು. ವೆರ್ಡಿಯ ಆಪೆರಾ 'ಇಲ್ ತ್ರೊವಾತೋರೆ'ಯ 'ದಿ ಕ್ವೆಲ್ಲಾ ಪೀರಾ' ನೋಡಿ. ವೆರ್ಡಿ ಬರೆದದ್ದು ಸಿ ಮೇಜರ್, ಅಂದರೆ ಸಿ ಸ್ವರವೇ ಷಡ್ಜ. ಮೇಲಿನ ಸಿ ಅವನ ಸ್ಕೋರಿನಲ್ಲೇ ಇಲ್ಲ, ಆಮೇಲಿನ ಟೆನರ್‌ಗಳು (ಎತ್ತರದ ಗಂಡು ದನಿಯವರು) ಸೇರಿಸಿದ್ದು. ಅದನ್ನು ಮುಟ್ಟಲಾಗದವರು ಇಡೀ ಹಾಡನ್ನೇ ಅರ್ಧ ಸ್ವರ ಕೆಳಗಿನ 'ಬಿ'ಗೆ ಇಳಿಸಿದರು. ಅಂಥ ಪ್ಲೇಟನ್ನು ಸ್ಕೋರಿಗೆ ಕೂರಿಸಿದರೆ ಗಂಡಸಿನ ದನಿ ಹುಡುಗನ ದನಿ ಆಗುತ್ತೆ. ಅರ್ಧ ಸ್ವರ ಅಂದರೆ ಸುಮಾರು 6 ಪರ್ಸೆಂಟ್. 78ರಲ್ಲಿ ನಾಲ್ಕೂವರೆ ಸುತ್ತು. ಸಣ್ಣ ವ್ಯತ್ಯಾಸವಲ್ಲ.

ನನ್ನ ಕೆಲಸ ಶುರುವಾದದ್ದು ನವೀಲ್ಯೊ ಗ್ರಾಂದೆ ಕಾಲುವೆ ಪಕ್ಕ ತಿಂಗಳ ಕೊನೆಯ ಭಾನುವಾರ ನಡೆಯುವ ಹಳೇ ಸಾಮಾನಿನ ಸಂತೆಯಲ್ಲಿ. ಒಬ್ಬನೇ ಬ್ಯಾರಿಟೋನ್ (ಟೆನರ್‌ಗಿಂತ ಕೆಳಗಿನ ದನಿಯವನು) ಹಾಡಿದ ಮೂರು ಪ್ಲೇಟು ಸಿಕ್ಕವು, ಒಂದೇ ಬದಿಯವು, ಪಿಯಾನೋ ಜೊತೆ. ಮೂರಕ್ಕೂ ಸೇರಿ 60 ಯೂರೋ ಕೊಟ್ಟೆ. ಯಾವ ಲೇಬಲ್, ಯಾರ ದನಿ ಅಂತ ಹೇಳುವುದಿಲ್ಲ, ಆ ಸರಣಿಯನ್ನು ಇನ್ನೂ ಕೊಳ್ಳುತ್ತಿದ್ದೇನೆ. ಮ್ಯಾಟ್ರಿಕ್ಸ್ ನಂಬರ್ (ರೆಕಾರ್ಡ್ ಮಾಡಿದ ಕ್ರಮದಲ್ಲಿ ಪ್ಲೇಟಿಗೆ ಹಾಕಿದ ನಂಬರ್) ಮೂರೂ ಒಂದರ ಹಿಂದೆ ಒಂದು. ಅಂದರೆ ಒಂದೇ ದಿನ, ಒಂದೇ ಯಂತ್ರ, ಒಂದೇ ಪಿಯಾನೋ.

'ಲಾ ತ್ರವಿಯಾತಾ'ದ 'ದಿ ಪ್ರೊವೆನ್ಸಾ' 78ರಲ್ಲಿ ಡಿ ಮೇಜರ್ ಕೇಳಿಸಿತು. ಸ್ಕೋರಿನಲ್ಲಿ ಡಿ ಫ್ಲಾಟ್, ಅಂದರೆ ಅರ್ಧ ಸ್ವರ ಕೆಳಗೆ. 'ಉನ್ ಬಾಲ್ಲೊ ಇನ್ ಮಾಸ್ಕೆರಾ'ದ 'ಎರಿ ತು' ಕೊನೆಯಲ್ಲಿ ಎಫ್ ಶಾರ್ಪ್‌ಗೆ ಬಂದು ನಿಂತಿತು. ಸ್ಕೋರಿನಲ್ಲಿ ಎಫ್. ತ್ರೊವಾತೋರೆಯ 'ಇಲ್ ಬಾಲೆನ್' ಮಾತ್ರ 78ರಲ್ಲೇ ಬಿ ಫ್ಲಾಟ್, ಸ್ಕೋರಿನಲ್ಲಿ ಇದ್ದ ಹಾಗೇ. ಗೆಳೆಯರೊಬ್ಬರು ಇದನ್ನೇ ಹಿಡಿದುಕೊಂಡರು. 'ಬಾಲೆನ್ ಸರಿಯಾಗಿದೆ, ಆದ್ದರಿಂದ 78, ಉಳಿದೆರಡನ್ನು ಅವನು ಮೇಲೆ ಎತ್ತಿ ಹಾಡಿದ್ದಾನೆ' ಅಂದರು. ಬ್ಯಾರಿಟೋನ್ ಯಾವನಾದರೂ 'ಎರಿ ತು'ವನ್ನು ಎತ್ತಿ ಹಾಡ್ತಾನಾ? ಅದರಲ್ಲಿ ಆಗಲೇ ಮೇಲಿನ ಜಿ ಇದೆ. ಇಳಿಸೋದಾದರೆ 'ಬಾಲೆನ್' ಇಳಿಸಬೇಕು. ಅದರಲ್ಲೂ ಜಿ ಇದೆ, ಆದರೆ ಅದು ಹಾಡಿನುದ್ದಕ್ಕೂ ಮೇಲೇ ಕೂತಿರುತ್ತೆ, ಗಂಟಲು ಸೋಲುತ್ತೆ. ನನಗೆ ಅನ್ನಿಸಿದ್ದು: ನಿಜವಾದ ಸ್ಪೀಡ್ 73ರ ಆಸುಪಾಸು, 'ಬಾಲೆನ್' ಅರ್ಧ ಸ್ವರ ಇಳಿಸಿ ಎ ಮೇಜರ್‌ನಲ್ಲಿ ಹಾಡಿದ್ದು.

ಅನ್ನಿಸೋದು ಬೇರೆ, ತೋರಿಸೋದು ಬೇರೆ. ತಂಬೂರಿ ಬಂದದ್ದು ಇಲ್ಲಿ. ಮೈಸೂರಿನಲ್ಲಿ ಕಲಿತ ಸಂಗೀತದಲ್ಲಿ ನನಗೆ ಉಳಿದದ್ದು ಶ್ರುತಿ ಕಿವಿ ಒಂದೇ. ತಂಬೂರಿಯ ದನಿ ಕೊಡುವ ಶ್ರುತಿ ಪೆಟ್ಟಿಗೆಯನ್ನು ಡಿ ಫ್ಲಾಟ್‌ಗೆ ಇಟ್ಟು, ಷಡ್ಜ ಪಂಚಮ ಎರಡೇ ಬಿಟ್ಟು, ಪ್ಲೇಟಿನ ಜೊತೆ ಓಡಿಸಿದೆ. 'ಆಪೆರಾದಲ್ಲಿ ಸ್ವರ ಬದಲಾಗುತ್ತಾ ಹೋಗುತ್ತೆ, ಒಂದೇ ಶ್ರುತಿ ಹೇಗೆ ನಿಲ್ಲುತ್ತೆ?' ಅಂದರು ಗೆಳೆಯರು. ಸರಿ, ಇಡೀ ಹಾಡಿಗೆ ನಿಲ್ಲಲ್ಲ. 'ದಿ ಪ್ರೊವೆನ್ಸಾ' ಎರಡು ಚರಣದ ಹಾಡು. ಪಿಯಾನೋ ಶುರುವಿನಲ್ಲಿ ಒಮ್ಮೆ, ಮೊದಲ ಚರಣದ ಕೊನೆಯಲ್ಲಿ ಒಮ್ಮೆ, ಕಟ್ಟಕಡೆಗೆ ಒಮ್ಮೆ ಮನೆಗೆ, ಅಂದರೆ ಷಡ್ಜಕ್ಕೆ ಬರುತ್ತೆ. ಆ ಜಾಗಗಳಲ್ಲಿ ಕಿವಿ ಕೊಟ್ಟರೆ ಸಾಕು.

ಕೇಳಿಸೋದು ಹೀಗೆ. ಪಿಯಾನೋದ ಕೆಳಗಿನ ಡಿ ಫ್ಲಾಟ್ ಬಿದ್ದ ಕೂಡಲೇ ತಂಬೂರಿಯ ಜೊತೆ ಒಂದು ಅಲೆ ಏಳುತ್ತೆ, ವಾಂವ್ ವಾಂವ್ ವಾಂವ್ ಅಂತ. ಸ್ಪೀಡ್ ಒಂದು ಕೂದಲು ಇಳಿಸಿದರೆ ಅಲೆ ನಿಧಾನವಾಗುತ್ತೆ. ಇನ್ನೊಂದು ಕೂದಲು, ಅಲೆ ಅಗಲವಾಗಿ ಹರಡಿ ನಿಂತೇಬಿಡುತ್ತೆ. ಆಗ ಸ್ಪೀಡ್ ತೋರಿಸುವ ಸ್ಟ್ರೋಬ್ ನೋಡಿ ಬರೆದುಕೊಳ್ಳಿ. ಎ ಸ್ವರ ಸೆಕೆಂಡಿಗೆ 440 ಕಂಪನ ಅಂತ ಇಟ್ಟರೆ ನನಗೆ 73.6 ಬಂತು. ಆದರೆ ಆ ಕಾಲದ ಇಟಲಿಯ ಪಿಯಾನೋ 440 ಅಂತ ಯಾಕೆ ಅಂದುಕೊಳ್ಳಬೇಕು? 1859ರಲ್ಲಿ ಫ್ರಾನ್ಸ್ 435 ಅಂತ ನಿಗದಿ ಮಾಡಿತ್ತು. 1884ರಲ್ಲಿ ಇಟಲಿ ಸರ್ಕಾರ ಮಿಲಿಟರಿ ಬ್ಯಾಂಡುಗಳಿಗೆ 432 ಅಂತ ಆದೇಶ ಹೊರಡಿಸಿದಾಗ ವೆರ್ಡಿಯೇ ಅದಕ್ಕೆ ಬೆಂಬಲವಾಗಿ ಪತ್ರ ಬರೆದ. ನಾನು 435 ಇಟ್ಟುಕೊಂಡೆ. ಲೆಕ್ಕ 72.8ಕ್ಕೆ ಇಳಿಯಿತು.

ಅದೇ ಸ್ಪೀಡಿನಲ್ಲಿ 'ಎರಿ ತು' ಹಾಕಿದೆ. ಎಫ್‌ನಲ್ಲಿ ಅಲೆ ನಿಂತಿತು. 'ಬಾಲೆನ್' ಹಾಕಿದೆ. ಎ ಮೇಜರ್‌ನಲ್ಲಿ ನಿಂತಿತು. ಮೂರು ಪ್ಲೇಟು ಒಂದೇ ಮಾತು ಹೇಳಿದವು. ಒಂಟಿ ಪ್ಲೇಟು ಯಾವತ್ತೂ ತನ್ನ ಸ್ಪೀಡ್ ಹೇಳಲ್ಲ, ಅದರ ಜೊತೆಯಲ್ಲಿ ಹುಟ್ಟಿದವು ಬೇಕು. ದನಿಯೂ ಬದಲಾಯಿತು. 78ರಲ್ಲಿ ಮೇಕೆಯ ಹಾಗೆ ನಡುಗುತ್ತಿದ್ದ ದನಿ 73ರಲ್ಲಿ ಅಗಲವಾದ, ಗಂಭೀರವಾದ ದನಿಯಾಯಿತು. 'ಆ' ಅಂದರೆ 'ಆ' ಅಂತ ಕೇಳುತ್ತೆ. ನೂರು ವರ್ಷ ಜನ ಈ ಮನುಷ್ಯನನ್ನು ಸಣ್ಣ ದನಿಯವನು ಅಂತ ತಳ್ಳಿಹಾಕಿದ್ದರೆ ಅದು ಅವನಿಗೆ ಆದ ಅನ್ಯಾಯವೇ.

ಇನ್ನೊಂದು ತೊಂದರೆ ಕೊನೆಯವರೆಗೂ ಕಾಡಿತು. ಶುರುವಿನಲ್ಲಿ ನಿಂತ ಅಲೆ ಕೊನೆಯಲ್ಲಿ ಮತ್ತೆ ಏಳುತ್ತಿತ್ತು, ಹಾಡು ಶ್ರುತಿಗಿಂತ ಕೆಳಗೆ ಜಾರುತ್ತಿತ್ತು. ಮೇಣದ ಹೊರ ಅಂಚಿನಲ್ಲಿ ಕೊರೆಯುವಾಗ ಎಳೆತ ಜಾಸ್ತಿ, ಒಳಗೆ ಹೋದಂತೆ ಕಮ್ಮಿ. ಹಾಗಾಗಿ ಯಂತ್ರ ಕೊನೆಗೆ ಸ್ವಲ್ಪ ಜೋರಾಗಿ ತಿರುಗಿದೆ. ಅದಕ್ಕೆ 72.8ರಿಂದ ಶುರು ಮಾಡಿ 73.3ರವರೆಗೆ ಮೆಲ್ಲಗೆ ಏರಿಸಬೇಕಾಯಿತು. ಈ ಏರಿಕೆಯನ್ನು ಎಲ್ಲಿ ಹಂಚಬೇಕು ಅನ್ನುವುದು ನನ್ನ ಗುಟ್ಟು, ಇಲ್ಲಿ ಬಿಡುವುದಿಲ್ಲ. ನೇರ ಗೆರೆಯಲ್ಲಿ ಏರಿಸಿದರೆ ಕೆಲಸ ಆಗಲ್ಲ, ಅಷ್ಟು ಹೇಳಬಲ್ಲೆ.

ಮಧ್ಯೆ ಬೇರೆ ಪ್ರಯೋಗಗಳೂ ನಡೆದವು. ಸ್ಟೀರಿಯೋ ಕಾರ್ಟ್ರಿಜ್ ಹಾಕಿ ಪ್ಲೇಟಿನ ಗೀರಿನ ಎರಡು ಗೋಡೆಯನ್ನೂ ಬೇರೆಬೇರೆ ತೆಗೆದೆ. 'ಎರಿ ತು'ವಿನ ಬಲಗೋಡೆ ಪೂರ್ತಿ ಸವೆದಿತ್ತು, ಎಡಗೋಡೆ ಹೊಸದರ ಹಾಗಿತ್ತು. ಎಡದ್ದನ್ನಷ್ಟೇ ಇಟ್ಟುಕೊಂಡೆ. ಫೈಲನ್ನು ಕೊನೆಯಿಂದ ಮೊದಲಿಗೆ ಓಡಿಸಿ ಚಟಪಟ ಶಬ್ದ ತೆಗೆದರೆ ಪಿಯಾನೋದ ಪೆಟ್ಟು ಉಳಿಯುತ್ತೆ, ಇದನ್ನು ನೀವೂ ಮಾಡಿ ನೋಡಿ.

ನಮ್ಮ ಕರ್ನಾಟಕ ಸಂಗೀತದ ಪ್ಲೇಟುಗಳಿಗೂ ಇದೇ ದಾರಿ ನಡೆಯುತ್ತಾ ಅಂತ ನೋಡಿದೆ. ನಡೆಯಲಿಲ್ಲ. ನಮ್ಮಲ್ಲಿ ಹಾಡುವವರ ಶ್ರುತಿ ಅವರವರದು, ಕೂರಿಸೋಕೆ ಸ್ಕೋರೇ ಇಲ್ಲ. ಹಾರ್ಮೋನಿಯಂ ಇದ್ದ ಕಡೆ ಮಾತ್ರ ಒಂದು ಹಿಡಿತ ಸಿಗುತ್ತೆ. ಆದರೂ ಇಟಲಿಯಲ್ಲೂ ನಮ್ಮ ದೇಶದಲ್ಲೂ ರೆಕಾರ್ಡ್ ಮಾಡಿದ ಒಬ್ಬ ಮನುಷ್ಯ ಇದ್ದ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ಏಪ್ರಿಲ್‌ನಲ್ಲಿ ಮಿಲಾನಿನ ಗ್ರ್ಯಾಂಡ್ ಹೋಟೆಲ್‌ನಲ್ಲಿ ಟೆನರ್ ಕರೂಸೋ ಕೈಲಿ ವೆರ್ಡಿಯ 'ಚೆಲೆಸ್ತೆ ಆಯಿದಾ' ಹಾಡಿಸಿದ. ಹಿಂದಿನ ವರ್ಷ ಜನವರಿಯಲ್ಲಿ ವೆರ್ಡಿ ತೀರಿಕೊಂಡದ್ದು ಅದೇ ಹೋಟೆಲ್‌ನಲ್ಲಿ. ನವೆಂಬರ್‌ಗೆ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಎದುರು ಕೂತಿದ್ದ.

ಈಗ ಕಣ್ಣು ಟೆನರ್ ತಮಾನ್ಯೊ ಮೇಲಿದೆ. 1887ರಲ್ಲಿ ಮಿಲಾನಿನ ಆಪೆರಾ ಮಂದಿರ ಲಾ ಸ್ಕಾಲಾದಲ್ಲಿ ವೆರ್ಡಿಯ 'ಒತೆಲ್ಲೊ' ಆಪೆರಾದ ಮೊದಲ ನಾಯಕ ಅವನೇ. 1903ರಲ್ಲಿ ಇಟಲಿಯ ಒಸ್ಪೆದಾಲೆತ್ತಿ ಊರಿನ ತನ್ನ ಮನೆಯಲ್ಲಿ ಹಾಡಿ ರೆಕಾರ್ಡ್ ಮಾಡಿಸಿದ. ಅದೇ ಆಪೆರಾದಿಂದ ಅವನು ಹಾಡಿದ 'ಓರಾ ಎ ಪೆರ್ ಸೆಂಪ್ರೆ ಆದ್ದಿಯೋ' ಸ್ಕೋರಿನ ಎ ಫ್ಲಾಟ್‌ನಲ್ಲಿದೆಯಾ, ಇಳಿಸಿದ್ದಾ ಅಂತ ತಂಬೂರಿ ಇಟ್ಟು ನೋಡಬೇಕು. ಒಂದು ಪ್ಲೇಟು ನನ್ನಲ್ಲಿದೆ. ಜೊತೆಯದು ಒಬ್ಬ ವ್ಯಾಪಾರಿಯ ಹತ್ತಿರ ಇದೆ, ಅಂಚಿನಲ್ಲಿ ಸಣ್ಣ ಬಿರುಕು, 140 ಯೂರೋ ಅಂತಾನೆ. 90ಕ್ಕೆ ಇಳಿದರೆ ಈ ತಿಂಗಳೇ ತರುತ್ತೇನೆ.